ಯುಗಾದಿಗೆ ಹೊರಡುವ ಹಕ್ಕಿಗಳು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಸಾಫ್ಟ್‌ವೇರ್ ಕೆಲಸದ ಬಗ್ಗೆ ನಾಲ್ಕು ಮಾತು ಹೇಳಿ ಎಂದು ಸಮಿತಿಯವರು ಕೇಳಿದ್ದರು. ನಾನು ಹಕ್ಕಿಗಳ ಬಗ್ಗೆ ಮಾತಾಡುತ್ತೇನೆ, ಕ್ಷಮಿಸಬೇಕು. ನಾನು ಬಿ.ಇ. ಓದುವಂತಾದದ್ದಕ್ಕೂ ಆ ಹಕ್ಕಿಗಳಿಗೂ ಸಂಬಂಧವಿದೆ.

2006ರ ಜನವರಿ. ನಾನು ಒಂಬತ್ತನೇ ತರಗತಿ. ನಮ್ಮದು ಮೂರು ಎಕರೆ ಎರೆಹೊಲ, ಹಿಂಗಾರಿ ಬಿಳಿಜೋಳ. ತೆನೆ ಹಾಲುಗಟ್ಟಿ ಸೀತನಿ ಆಗುವ ಹೊತ್ತಿಗೆ ಹಕ್ಕಿಗಳ ದಂಡು ಇಳಿಯುತ್ತಿತ್ತು. ಮೈ ಗುಲಾಬಿ, ತಲೆ ಮತ್ತು ರೆಕ್ಕೆ ಕಪ್ಪು. ಗುಲಾಬಿ ಕಬ್ಬಕ್ಕಿ ಎನ್ನುತ್ತಾರೆ, ಇಂಗ್ಲಿಷಿನಲ್ಲಿ ರೋಸಿ ಸ್ಟಾರ್ಲಿಂಗ್. ನಮ್ಮಪ್ಪ ಕರೆಯುತ್ತಿದ್ದ ಹೆಸರನ್ನು ಈ ವೇದಿಕೆಯಲ್ಲಿ ಹೇಳುವಂತಿಲ್ಲ. ಕವಣೆ, ತಗಡಿನ ಡಬ್ಬಿ ಕೊಟ್ಟು ನನ್ನನ್ನು ಅಟ್ಟದ ಮೇಲೆ ಕೂರಿಸಿದರು. ಮೂರು ವಾರ ಶಾಲೆಗೆ ಬರಲಿಲ್ಲ. ಹಾಜರಿ ಕಡಿಮೆಯಾಯಿತು. ಬಿಡಿಸಿಬಿಡೋಣ ಎಂಬ ಮಾತೂ ಮನೆಯಲ್ಲಿ ನಡೆದಿತ್ತು.

ಒಂದು ಸಂಜೆ ನಮ್ಮ ವಿಜ್ಞಾನದ ಮೇಷ್ಟ್ರು ಸೈಕಲ್ ತುಳಿದುಕೊಂಡು ಹೊಲಕ್ಕೆ ಬಂದರು. ಬೈಯುತ್ತಾರೆಂದು ನಾನು ಅಟ್ಟದಿಂದ ಇಳಿಯಲೇ ಇಲ್ಲ. ಅವರೇ ಹತ್ತಿ ಬಂದು ಪಕ್ಕದಲ್ಲಿ ಕುಳಿತರು. ದಂಡು ಎದ್ದು, ಹೊಗೆಯಂತೆ ಸುತ್ತಿ, ಮತ್ತೆ ಇಳಿಯಿತು. "ಎಷ್ಟದಾವೋ?" ಅಂದರು. "ಲಕ್ಷ ಇರಬೇಕು ಸಾರ್" ಅಂದೆ. ನಕ್ಕರು. "ಮೊದಲು ಹತ್ತು ಎಣಿಸು. ಆ ಹತ್ತು ಎಷ್ಟು ಜಾಗ ಹಿಡೀತಾವ ನೋಡಿಕೋ. ಅಂಥ ಹತ್ತು ಜಾಗ ಸೇರಿದರೆ ನೂರು. ದಂಡಿನಾಗ ಅಂಥ ನೂರು ಎಷ್ಟು?" ಎಣಿಸಿದರೆ ಎಂಟು ನೂರರ ಆಸುಪಾಸು. ಇನ್ನೂರು ಪುಟದ ನೋಟ್‌ಬುಕ್ ಕೊಟ್ಟು, ತಾರೀಖು, ಗಂಟೆ, ಸಂಖ್ಯೆ ಬರೆಯಲು ಹೇಳಿ ಹೋದರು.

ಒಂದು ವಾರ ಬರೆದೆ. ವಾರದ ಕೊನೆಗೆ ಮೇಷ್ಟ್ರು ಆ ಪುಟಗಳನ್ನು ನಮ್ಮಪ್ಪನ ಮುಂದೆ ಇಟ್ಟರು. ಬೆಳಿಗ್ಗೆ ಒಂಬತ್ತರವರೆಗೆ ನೂರಾರು, ಸಂಜೆ ನಾಲ್ಕರ ನಂತರ ಮತ್ತೆ ನೂರಾರು. ನಡುಹೊತ್ತು ಹಕ್ಕಿಗಳು ಬೇವಿನ ನೆರಳು ಸೇರುತ್ತಿದ್ದವು. ಹೊಲದಲ್ಲಿ ಹತ್ತಿಪ್ಪತ್ತು ಕಂಡರೆ ಹೆಚ್ಚು. "ನಡುಹೊತ್ತು ಹುಡುಗ ಕಾಯೋದು ಏನಪ್ಪಾ? ಆ ಹೊತ್ತಿನಾಗ ನನ್ನ ಹತ್ತಿರ ಕಳಿಸು" ಅಂದರು. ಈ ಹಕ್ಕಿಗಳು ಕಜಕಸ್ತಾನದ ಕಡೆಯಿಂದ ಬರುತ್ತವೆ, ಅಲ್ಲಿ ಮಿಡತೆ ತಿಂದು ರೈತರಿಗೆ ಉಪಕಾರ ಮಾಡುತ್ತವೆ ಎಂದೂ ಹೇಳಿದರು. ಅಪ್ಪ, "ಅಲ್ಲಿ ಮಿಡತಿ ತಿಂತಾವ, ಇಲ್ಲಿ ನನ್ನ ಜೋಳ ತಿಂತಾವ. ನನಗೇನು ಬಂತು ಸಾರ್?" ಅಂದರು. ಅದಕ್ಕೆ ಮೇಷ್ಟ್ರ ಬಳಿ ಉತ್ತರವಿರಲಿಲ್ಲ. ಆದರೆ ಸೋಮವಾರ ನಾನು ಶಾಲೆಯಲ್ಲಿದ್ದೆ. ನಡುಹೊತ್ತಿನ ಕಾವಲು ಅವ್ವ ನೋಡಿಕೊಂಡಳು.

ಜೋಳ ಕೊಯ್ದ ಮೇಲೂ ಬರೆಯುವುದನ್ನು ಬಿಡಲಿಲ್ಲ. ಫೆಬ್ರವರಿ, ಮಾರ್ಚ್‌ನಲ್ಲಿ ದಂಡು ಮುತ್ತುಗ, ಬೂರುಗದ ಹೂವಿಗೆ ಮುತ್ತುತ್ತಿತ್ತು. ದೂರದ ಪ್ರಯಾಣಕ್ಕೆ ಮುಂಚೆ ಮೈಯಲ್ಲಿ ಕೊಬ್ಬು ತುಂಬಿಕೊಳ್ಳಬೇಕು. ಬುತ್ತಿ ಕಟ್ಟಿಕೊಂಡ ಹಾಗೆ. ಯುಗಾದಿ ಕಳೆದು, ಪರೀಕ್ಷೆ ಮುಗಿಯುವ ಹೊತ್ತಿಗೆ ನೋಟ್‌ಬುಕ್ಕಿನಲ್ಲಿ ಸೊನ್ನೆ. ಮೇಷ್ಟ್ರು ಭೂಪಟದ ಮೇಲೆ ಬೆರಳಿಟ್ಟು ಸಿಂಧ್, ಅಫ್ಘಾನಿಸ್ತಾನ, ಅದರಾಚೆ ಮಧ್ಯ ಏಷ್ಯಾದ ಹುಲ್ಲುಗಾವಲು ತೋರಿಸಿದರು. ಬಳ್ಳಾರಿ ಪೇಟೆಯನ್ನೇ ಸರಿಯಾಗಿ ನೋಡದ ನನಗೆ ಅಂದು ರಾತ್ರಿ ನಿದ್ದೆ ಬರಲಿಲ್ಲ.

ವಲಸೆ ಹಕ್ಕಿ ನೋಡಲು ಕಡಲತೀರಕ್ಕೇ ಹೋಗಬೇಕು ಎಂದು ಹಲವರು ತಿಳಿದಿದ್ದಾರೆ. ಉತ್ತರ ಕನ್ನಡದಲ್ಲಿ ಅಘನಾಶಿನಿಯ ಅಳಿವೆ ಇದೆ, ನಿಜ. ನಮ್ಮ ಬಯಲುಸೀಮೆಗೆ ಕೆರೆಯ ದಂಡೆಯೇ ಕಡಲ ದಂಡೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಹಿಮಾಲಯ ದಾಟುವಾಗ ಇವು 7,000 ಮೀಟರ್‌ಗಿಂತ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ಮಂಗೋಲಿಯಾದಲ್ಲಿ ಕೊರಳಿಗೆ ಗುರುತಿನ ಪಟ್ಟಿ ಹಾಕಿದ ಹೆಬ್ಬಾತುಗಳು ನಮ್ಮ ರಾಜ್ಯದ ಕೆರೆಗಳಲ್ಲಿ ಕಂಡಿವೆ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ 2021ರವರೆಗೆ ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ಅಲ್ಲಿ ನೀರಿನೊಳಗೆ ನಿಂತ ಜಾಲಿಮರಗಳಲ್ಲಿ ಸಂಜೆ ಕಬ್ಬಕ್ಕಿಗಳು ತಂಗುವುದನ್ನು ನೋಡಲು ಎರಡು ಕಣ್ಣು ಸಾಲದು. 2024ರ ಜನವರಿಯಲ್ಲಿ ಅಘನಾಶಿನಿ, ಮಾಗಡಿ, ಅಂಕಸಮುದ್ರ ಮೂರೂ ಅಂತರರಾಷ್ಟ್ರೀಯ ಮಹತ್ವದ ರಾಮ್ಸರ್ ತಾಣಗಳಾದವು. ಸಿರುಗುಪ್ಪದ ಭತ್ತದ ಗದ್ದೆಗೆ ನೀರು ಬಿಟ್ಟಾಗ ಓಡಾಡುವ ಸಣ್ಣ ಗೊರವಗಳು, ಕರೆಂಟ್ ತಂತಿಯ ಮೇಲೆ ಸಾಲಾಗಿ ಕೂರುವ ಕವಲುಬಾಲದ ಹಕ್ಕಿಗಳು, ಇವುಗಳಲ್ಲೂ ಹೆಚ್ಚಿನವು ದೂರದೂರಿನವೇ.

ಈಗ ನನ್ನ ತಪ್ಪು ಹೇಳಬೇಕು. ನಾನು ಬಳ್ಳಾರಿಗೆ ಓದಲು ಹೋದೆ, ಅಲ್ಲಿಂದ ಬೆಂಗಳೂರು. ಹಳೆಮನೆ ಕೆಡವಿ ಕಟ್ಟುವಾಗ ಆ ನೋಟ್‌ಬುಕ್ ರದ್ದಿಗೆ ಹೋಯಿತು. ಎತ್ತಿಡಿ ಎಂದು ಒಂದು ಫೋನ್ ಮಾಡಿದ್ದರೆ ಸಾಕಿತ್ತು, ಮಾಡಲಿಲ್ಲ. ಇಂದು ನಮ್ಮ ಸುತ್ತ ಜೋಳಕ್ಕಿಂತ ಮೆಣಸಿನಕಾಯಿ, ಹತ್ತಿ, ಭತ್ತವೇ ಹೆಚ್ಚು ಕಾಣುತ್ತವೆ. ಹಳ್ಳದ ದಂಡೆಯ ಮುತ್ತುಗಗಳು ಹೋದವು. ಹೋದ ಯುಗಾದಿಗೆ ಬಂದಾಗ ಅಪ್ಪ ತಾವಾಗಿಯೇ ಅಂದರು, "ಈಗೀಗ ಆ ಹಕ್ಕಿ ಕಡಿಮಿ ಆಗ್ಯಾವಲೇ." ನಿಜವೇ? ನನಗೂ ಹಾಗೆ ಅನಿಸುತ್ತದೆ. ಆದರೆ ಅನಿಸಿಕೆ ಲೆಕ್ಕವಾಗುವುದಿಲ್ಲ. ಅಂದಿನ ಸಂಖ್ಯೆ ಕೈಯಲ್ಲಿದ್ದರೆ ಇಂದು ಎಣಿಸಿ ಹೇಳಬಹುದಿತ್ತು. ದಿನವಿಡೀ ಕಂಪ್ಯೂಟರಿನಲ್ಲಿ ದಾಖಲೆ ಕಾಪಾಡುವ ಕೆಲಸದವನು ನಾನು. ನನ್ನೂರಿನ ಒಂದೇ ಒಂದು ದಾಖಲೆಯನ್ನು ಕಾಪಾಡಲಿಲ್ಲ.

ಆದ್ದರಿಂದ ಒಂದು ಕೋರಿಕೆ. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ದೇಶದಾದ್ಯಂತ ಹಕ್ಕಿ ಎಣಿಕೆ ನಡೆಯುತ್ತದೆ. ಶಾಲಾ ಕಾಲೇಜುಗಳೂ ತಮ್ಮ ಆವರಣದಲ್ಲಿ ಎಣಿಸಿ ಇ-ಬರ್ಡ್‌ನಲ್ಲಿ ಸೇರಿಸಬಹುದು. ಹದಿನೈದು ನಿಮಿಷ ಸಾಕು, ಖರ್ಚಿಲ್ಲ. ನಮ್ಮ ಶಾಲೆಯೂ ಸೇರಲಿ. ಜೊತೆಗೆ ಒಂದು ದಪ್ಪ ರಿಜಿಸ್ಟರ್ ಇರಲಿ. ವಾರಕ್ಕೊಮ್ಮೆ ಎಂಟು, ಒಂಬತ್ತನೇ ತರಗತಿಯ ಮಕ್ಕಳು ಬರೆಯಲಿ. ಎರಡು ಬೈನಾಕ್ಯುಲರ್, ರಿಜಿಸ್ಟರ್ ಇಡಲು ಬೀಗದ ಬೀರು, ಇಷ್ಟು ನಮ್ಮ ಬ್ಯಾಚಿನವರು ಕೊಡುತ್ತೇವೆ. ಊರಿನ ಹಿರಿಯರಲ್ಲಿ ಬೇಡುವುದು ಒಂದೇ: ಶಾಲೆಯ ಹಿಂದಿನ ಬೂರುಗದ ಮರವನ್ನು ಹೊಸ ಕಾಂಪೌಂಡಿಗಾಗಿ ಕಡಿಯಬೇಡಿ. ಗೋಡೆಯನ್ನು ನಾಲ್ಕು ಅಡಿ ಆಚೆ ಸರಿಸಿ. ಹೆಚ್ಚುವರಿ ಇಟ್ಟಿಗೆಯ ಖರ್ಚು ನನ್ನದು.

ಮೇಷ್ಟ್ರು ನಿವೃತ್ತರಾಗಿ ದೂರದ ಊರಲ್ಲಿದ್ದಾರೆ, ಮೊಣಕಾಲು ನೋವಿನಿಂದ ಇಂದು ಬರಲಾಗಲಿಲ್ಲ. ನಿನ್ನೆ ರಾತ್ರಿ ಫೋನ್ ಮಾಡಿದ್ದೆ. ಸಂಬಳ ಕೇಳಲಿಲ್ಲ, ಮಕ್ಕಳೆಷ್ಟು ಎಂದೂ ಕೇಳಲಿಲ್ಲ. "ಹಕ್ಕಿ ಇನ್ನೂ ಅದಾವೇನೋ?" ಅಂದರು. ಬೆಳಿಗ್ಗೆ ಆರೂವರೆಗೆ ಇಲ್ಲಿಗೆ ಬಂದು ಎಣಿಸಿದೆ. ಬೂರುಗದ ಮರದಲ್ಲಿ ನೂರಾ ನಲವತ್ತು. ಯುಗಾದಿಗೆ ಇನ್ನೂ ಎರಡು ವಾರ ಇದೆ. ಮಕ್ಕಳೇ, ನಾಳೆ ಬೆಳಿಗ್ಗೆ ನೀವು ಎಣಿಸಿ ಬರೆಯಿರಿ.