ಗುರುವಿನ ಮೇಲೊಂದು ಕರಿ ಮಚ್ಚೆ



ಚಳಿಗಾಲದ ರಾತ್ರಿ ಆಕಾಶ ತೊಳೆದಿಟ್ಟಂತೆ ಶುಭ್ರವಾಗಿರುತ್ತದೆ. ಗ್ರಹಗಳ ಫೋಟೊ ತೆಗೆಯಲು ಇದಕ್ಕಿಂತ ಒಳ್ಳೆಯ ಕಾಲ ಯಾವುದು ಅನ್ನಿಸುತ್ತದೆ. ಆದರೆ ನಕ್ಷತ್ರಗಳು ಮಿಣಮಿಣ ಎಂದರೆ ಕವಿಗಳಿಗೆ ಖುಷಿ, ದೂರದರ್ಶಕ ಹಿಡಿದವರಿಗೆ ತಲೆನೋವು. ಮೇಲೆಲ್ಲೋ ಬಿಸಿಗಾಳಿ, ತಣ್ಣನೆಯ ಗಾಳಿ ಕಲಸಿಕೊಳ್ಳುತ್ತಿವೆ ಎಂದೇ ಅದರ ಅರ್ಥ. ತುಸು ಮಂಜು ಕವಿದ, ಎಲೆ ಅಲುಗದ ರಾತ್ರಿಯೇ ಎಷ್ಟೋ ವಾಸಿ.

ಮನೆಯೊಳಗಿಂದ ತಂದ ದೂರದರ್ಶಕದ ಕನ್ನಡಿಯದು ಇನ್ನೊಂದು ರಗಳೆ. ಅದರ ಬಿಸಿ ಆರುವ ತನಕ ಗುರುಗ್ರಹದ ಪಟ್ಟೆಗಳು ಕದಡಿದಂತೆಯೇ ಕಾಣುತ್ತವೆ. ದೊಡ್ಡ ಕನ್ನಡಿ ತಣಿಯಲು ಗಂಟೆಗಟ್ಟಲೆ ಬೇಕು. ಅಷ್ಟರಲ್ಲಿ ಗಾಜಿನ ಮೇಲೆ ಇಬ್ಬನಿ ಕೂತಿರುತ್ತದೆ, ಚಳಿಗೆ ಬ್ಯಾಟರಿ ಸೋತಿರುತ್ತದೆ.

ಇನ್ನು ಫೋಟೊ ಎಂದರೆ ಒಂದು ಕ್ಲಿಕ್ ಅಲ್ಲ, ವಿಡಿಯೊ. ಕೆಲವೇ ನಿಮಿಷಗಳಲ್ಲಿ ಸಾವಿರಾರು ಫ್ರೇಮ್‌ಗಳು. ಹೆಚ್ಚು ಹೊತ್ತು ಹಿಡಿಯುವಂತಿಲ್ಲ; ಗುರು ಹತ್ತು ಗಂಟೆಯೊಳಗೆ ಒಂದು ಸುತ್ತು ತಿರುಗಿಬಿಡುತ್ತಾನೆ. ಗಾಳಿ ಒಂದು ಕ್ಷಣ ಸುಮ್ಮನಾದಾಗ ಸಿಕ್ಕ ಫ್ರೇಮ್‌ಗಳನ್ನಷ್ಟೇ ಕಂಪ್ಯೂಟರಿನಲ್ಲಿ ಹೆಕ್ಕಿ, ಒಂದರ ಮೇಲೊಂದು ಪೇರಿಸುತ್ತಾರೆ. ಅಕ್ಕಿ ಆರಿಸಿದ ಹಾಗೆ. ಇಲ್ಲಿ ಕಲ್ಲೇ ಜಾಸ್ತಿ, ಅಷ್ಟೆ.

ಆಸ್ಟ್ರೇಲಿಯಾದ ಆಂಥನಿ ವೆಸ್ಲಿ ಇಂಥ ಕೆಲಸದಲ್ಲಿ ಪಳಗಿದ ಹವ್ಯಾಸಿ. 2009ರ ಜುಲೈ 19, ಅಲ್ಲಿ ನಡುಚಳಿಗಾಲ. ಕ್ಯಾನ್‌ಬೆರಾ ಬಳಿಯ ಮುರ್ರಂಬೇಟ್‌ಮನ್‌ನಲ್ಲಿ, ಮನೆಯಂಗಳದಲ್ಲಿ, ಹದಿನಾಲ್ಕೂವರೆ ಇಂಚಿನ ದೂರದರ್ಶಕ. ನಡುರಾತ್ರಿಯ ಹೊತ್ತಿಗೆ ಗಾಳಿ ಕೆಟ್ಟಿತು. ಇವತ್ತಿಗೆ ಸಾಕು ಅಂದುಕೊಂಡವರು ಮನಸ್ಸು ಬದಲಿಸಿ ಮತ್ತೆ ಕೂತರು. ಗುರುವಿನ ದಕ್ಷಿಣ ಧ್ರುವದ ಬಳಿ ಒಂದು ಮಸುಕು ಕಲೆ. ಮಾಮೂಲಿ ಬಿರುಗಾಳಿ ಇರಬೇಕು ಅನ್ನಿಸಿತಂತೆ. ಗ್ರಹ ತಿರುಗಿ ಕಲೆ ಮುಂದೆ ಬಂದಾಗ ನೋಡಿದರೆ, ಕಪ್ಪೆಂದರೆ ಅಚ್ಚಗಪ್ಪು. ಉಪಗ್ರಹದ ನೆರಳೇ? ಜಾಗ ಹೊಂದುತ್ತಿಲ್ಲ. ಎರಡು ರಾತ್ರಿ ಹಿಂದಿನ ತಮ್ಮದೇ ಚಿತ್ರಗಳನ್ನು ತೆಗೆದು ನೋಡಿದರು. ಅಲ್ಲಿ ಕಲೆಯೇ ಇರಲಿಲ್ಲ.

ಗುರುವಿಗೆ ಏನೋ ಬಂದು ಬಡಿದಿತ್ತು. ಬಡಿದದ್ದನ್ನು ಕಂಡವರಿಲ್ಲ, ಗಾಯ ಮಾತ್ರ ಉಳಿದಿತ್ತು. 1994ರಲ್ಲಿ ಧೂಮಕೇತುವೊಂದರ ಚೂರುಗಳು ಇದೇ ಗ್ರಹಕ್ಕೆ ಅಪ್ಪಳಿಸಿ ಸರಿಯಾಗಿ ಹದಿನೈದು ವರ್ಷ. ಹವಾಯಿಯಲ್ಲಿರುವ ನಾಸಾದ ದೂರದರ್ಶಕ ಸುದ್ದಿಯನ್ನು ಖಚಿತಪಡಿಸಿತು. ಜುಲೈ 23ರಂದು ಹಬಲ್ ದೂರದರ್ಶಕ ಕೂಡ, ರಿಪೇರಿಯ ನಂತರದ ತನ್ನ ಪರೀಕ್ಷೆಗಳನ್ನು ಅರ್ಧಕ್ಕೆ ನಿಲ್ಲಿಸಿ, ಅತ್ತ ತಿರುಗಿ ಚಿತ್ರ ತೆಗೆಯಿತು. ಬಾಹ್ಯಾಕಾಶದಲ್ಲಿರುವ ಅದಕ್ಕೆ ಗಾಳಿಯ ಕಾಟವೂ ಇಲ್ಲ, ಇಬ್ಬನಿ ಒರೆಸುವ ಕೆಲಸವೂ ಇಲ್ಲ.