ಲೆಕ್ಕದ ಅಂಜಿಕೆ

ಶಿಕ್ಷಕರಾಗಲು ಹೊರಟ ಅನೇಕರ ಮನಸ್ಸಿನಲ್ಲಿ ಒಂದು ಗುಟ್ಟು ಅಡಗಿರುತ್ತದೆ. ಕಥೆ ಹೇಳಬಲ್ಲೆವು, ಹಾಡಿಸಬಲ್ಲೆವು, ನಕಾಶೆ ಬಿಡಿಸಬಲ್ಲೆವು; ಲೆಕ್ಕ ಮಾತ್ರ ನಮ್ಮ ಪಾಲಿಗೆ ಬಾರದಿರಲಿ ಎಂದು ಅವರು ಒಳಗೊಳಗೇ ಹರಕೆ ಹೊರುತ್ತಾರೆ. ಪ್ರಾಥಮಿಕ ಶಾಲೆಯಲ್ಲಿ ಈ ಹರಕೆ ಫಲಿಸುವುದು ಅಪರೂಪ. ಹಳ್ಳಿಯ ಶಾಲೆಯೆಂದ ಮೇಲೆ ಒಬ್ಬರೇ ಎಲ್ಲ ವಿಷಯಗಳನ್ನೂ ಕಲಿಸಬೇಕಾಗುತ್ತದೆ.

ಮುಂಡರಗಿ ಸೀಮೆಯ ಹಳ್ಳಿಯೊಂದರಿಂದ, ಆಗ ಟಿ.ಸಿ.ಎಚ್. ಎನ್ನುತ್ತಿದ್ದ ತರಬೇತಿಗೆ ಹೊರಟಾಗ ನಾನೂ ಇಂಥದೇ ಹರಕೆ ಹೊತ್ತಿದ್ದೆ. ಮಗ್ಗಿ ತಡವರಿಸಿದರೆ ಬೆರಳ ಗೆಣ್ಣಿಗೆ ಪಟ್ಟಿಯ ಏಟು ಬೀಳುತ್ತಿದ್ದ ತರಗತಿಯಲ್ಲಿ ಕಲಿತವಳು ನಾನು. ಏಟಿನ ನೋವು ಅಂದೇ ಹೋಯಿತು; ಅಂಕಿ ಕಂಡೊಡನೆ ಬಾಯಿ ಒಣಗುವುದು ಮಾತ್ರ ಉಳಿಯಿತು.

ಈ ಅಂಜಿಕೆಯನ್ನು ದಡ್ಡತನವೆಂದು ತಿಳಿಯುವವರು ಬಹಳ. 2001ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಮಾರ್ಕ್ ಆಶ್‌ಕ್ರಾಫ್ಟ್ ಮತ್ತು ಎಲಿಜಬೆತ್ ಕಿರ್ಕ್ ಪ್ರಕಟಿಸಿದ ಸಂಶೋಧನೆ ಬೇರೆಯೇ ಸಂಗತಿಯನ್ನು ಹೇಳುತ್ತದೆ. ಲೆಕ್ಕ ಮಾಡುವಾಗ 'ದಶಕ ಒಂದು' ಎಂದು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳಲು ಒಂದಿಷ್ಟು ಜಾಗ ಬೇಕು. ಆ ಜಾಗವನ್ನು ಭಯವೇ ಆಕ್ರಮಿಸಿದರೆ ಬಲ್ಲ ಲೆಕ್ಕವೂ ಜಾರಿಹೋಗುತ್ತದೆ. 2010ರಲ್ಲಿ ಸಿಯಾನ್ ಬೈಲಾಕ್ ಮತ್ತು ಅವರ ಸಂಗಡಿಗರು ಒಂದನೆಯ, ಎರಡನೆಯ ತರಗತಿಯ 17 ಶಿಕ್ಷಕಿಯರನ್ನೂ ಅವರ ಮಕ್ಕಳನ್ನೂ ಅಭ್ಯಸಿಸಿದರು. ಶಿಕ್ಷಕಿಯ ಅಂಜಿಕೆ ಹೆಚ್ಚಿದ್ದಷ್ಟೂ, ವರ್ಷದ ಕೊನೆಗೆ, ಲೆಕ್ಕ ಗಂಡುಹುಡುಗರ ವಿದ್ಯೆಯೆಂದು ನಂಬುವ ಹುಡುಗಿಯರು ಹೆಚ್ಚಿದ್ದರು. ಹಾಗೆ ನಂಬಿದವರೇ ಲೆಕ್ಕದಲ್ಲಿ ಹಿಂದುಳಿದಿದ್ದರು. ನನ್ನ ಭಯ ನನ್ನೊಬ್ಬಳದೇ ಆಗಿ ಉಳಿಯುವುದಿಲ್ಲ ಎಂಬುದೇ ಇಲ್ಲಿ ಚಿಂತಿಸಬೇಕಾದ ಮಾತು.

ತರಬೇತಿಯಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಭಿನ್ನರಾಶಿಯ ಭಾಗಾಕಾರ. ಮುಕ್ಕಾಲನ್ನು ಅರ್ಧದಿಂದ ಭಾಗಿಸಿದರೆ ಒಂದೂವರೆ. ಭಾಗಿಸಿದ ಮೇಲೆ ಸಂಖ್ಯೆ ದೊಡ್ಡದಾಗುವುದೆಂತು? 'ಭಾಜಕವನ್ನು ತಿರುವಿ ಗುಣಿಸು' ಎಂಬ ಸೂತ್ರ ಬಾಯಿಪಾಠವಾಗಿತ್ತು. ಅದರ ಅರ್ಥ ಮಾತ್ರ ಕೈಗೆ ಸಿಕ್ಕಿರಲಿಲ್ಲ. ರಜೆಗೆ ಬಂದಾಗ ಅವ್ವನನ್ನು ಕೇಳಿದೆ. ಅವಳು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ; ಹಾಲು ಅಳೆದು ಮಾರಿ ಸಂಸಾರ ತೂಗಿಸಿದವಳು.

"ಅವ್ವಾ, ಮುಕ್ಕಾಲು ಸೇರು ಹಾಲೈತಿ. ಅರ್ಧ ಸೇರಿನ ಅಳತಿ ಎಷ್ಟು ಸಲ ತುಂಬತೈತಿ?"

"ಒಮ್ಮೆ ಪೂರಾ ತುಂಬತೈತಿ, ಇನ್ನೊಮ್ಮೆ ಅರ್ಧಾ ತುಂಬತೈತಿ. ಇದರಾಗ ಅಂಜೂದೇನೈತಿ ನನ್ನವ್ವಾ?"

ಉಳಿದದ್ದು ಕಾಲು ಸೇರು; ಅರ್ಧ ಸೇರಿನ ಅಳತೆಗೆ ಅದು ಅರ್ಧ. ಭಾಗಿಸುವುದೆಂದರೆ ಹಂಚಿ ಕಡಿಮೆ ಮಾಡುವುದಷ್ಟೇ ಅಲ್ಲ, ಇದರಲ್ಲಿ ಅದು ಎಷ್ಟು ಸಲ ಹಿಡಿಯುತ್ತದೆಂದು ಅಳೆಯುವುದೂ ಹೌದು. ಅಳತೆ ಚಿಕ್ಕದಾದಷ್ಟೂ ಎಣಿಕೆ ಹೆಚ್ಚುತ್ತದೆ. ಅಂದಿನಿಂದ ಸೂತ್ರ ನನಗೆ ಒಗಟಾಗಿ ಉಳಿಯಲಿಲ್ಲ.

ನಮ್ಮ ನುಡಿಯೇ ಈ ಲೆಕ್ಕವನ್ನು ಹೊತ್ತುಕೊಂಡಿದೆ. ಮೂರು ಕಾಲು ಸೇರಿದರೆ ಮುಕ್ಕಾಲು, ಕಾಲಿನ ಅರೆ ಅರೆಕಾಲು. ಮೂರರ ಕೆಳಗೆ ಗೆರೆಯೆಳೆದು ನಾಲ್ಕು ಬರೆದರೆ ಬೆದರುವ ಮಗು, ಮುಕ್ಕಾಲು ರೊಟ್ಟಿ ಎಂದರೆ ಬೆದರುವುದಿಲ್ಲ.

ಶ್ರೋತೃಗಳೇ, ಆ 'ತಿರುವಿ ಗುಣಿಸು' ಎಂಬ ಸೂತ್ರವೂ ಪರದೇಶದಿಂದ ಬಂದ ಸರಕಲ್ಲ. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನು ತನ್ನ ಸಂಸ್ಕೃತ ಗ್ರಂಥ 'ಗಣಿತಸಾರಸಂಗ್ರಹ'ದಲ್ಲಿ ಅದನ್ನು ಸ್ಪಷ್ಟವಾಗಿ ಹೇಳಿದ್ದಾನೆ. ಎಂ. ರಂಗಾಚಾರ್ಯರು ಇಂಗ್ಲಿಷಿಗೆ ಅನುವಾದಿಸಿದ ಆ ಗ್ರಂಥ 1912ರಲ್ಲಿ ಮದರಾಸಿನಲ್ಲಿ ಅಚ್ಚಾಯಿತು. ಅದೇ ಗ್ರಂಥದಲ್ಲಿ, ಸಂಖ್ಯೆಯೊಂದನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಉಳಿಯುತ್ತದೆ ಎಂಬ ಮಾತೂ ಇದೆ. ಇಂದಿನ ಗಣಿತ ಇದನ್ನು ಒಪ್ಪುವುದಿಲ್ಲ. ಸೊನ್ನೆಯಿಂದ ಭಾಗಿಸುವುದಕ್ಕೆ ಅರ್ಥವೇ ಇಲ್ಲವೆನ್ನುತ್ತದೆ. ಆದರೂ ಮಹಾವೀರನ ಹಿರಿಮೆ ಕುಂದಲಿಲ್ಲ. ಸೊನ್ನೆಯ ಮುಂದೆ ಅಂಥ ಆಚಾರ್ಯನೇ ಎಡವಿರುವಾಗ, ಐದನೆಯ ಇಯತ್ತೆಯ ಹುಡುಗಿ ಎಡವಿದರೆ ಪಟ್ಟಿ ಎತ್ತುವುದು ಯಾವ ನ್ಯಾಯ?

ಅಭ್ಯಾಸಪಾಠದ ದಿನ ನಾನು ಜೋಳ ತುಂಬಿದ ಚೀಲವನ್ನೂ ಮನೆಯ ಅಳತೆಗಳನ್ನೂ ತರಗತಿಗೆ ಒಯ್ದೆ. ಕೊನೆಯ ಸಾಲಿನ ಹುಡುಗಿಯೊಬ್ಬಳು ಅಳೆದಳು, ಯೋಚಿಸಿದಳು, ಮತ್ತೆ ಅಳೆದಳು. "ಅಕ್ಕೋರ, ಒಂದೂವರಿ ಬಂತ್ರಿ. ಯಾಕ ಬಂತು ಅಂತ ಹೇಳ್ಲೇನ್ರಿ?" ಎಂದಳು. ಹಲಗೆಯ ಮುಂದೆ ನಿಂತಿದ್ದ ನನ್ನ ಕೈ ಅಂದು ನಡುಗಲಿಲ್ಲ.

ಈಗ ತರಬೇತಿಯಲ್ಲಿರುವ ತರುಣ ತರುಣಿಯರಿಗೆ ನನ್ನದೊಂದು ಬಿನ್ನಹ. ಅಂಜಿಕೆಯನ್ನು ಮುಚ್ಚಿಡಬೇಡಿರಿ; ಜೊತೆಗಾರರ ಮುಂದೆ ಹೇಳಿಕೊಳ್ಳಿರಿ. ಸೂತ್ರಕ್ಕಿಂತ ಮೊದಲು ಸೇರು, ರೊಟ್ಟಿ, ದಾರದ ಅಳತೆ ಬರಲಿ. ಮಗು ತಪ್ಪು ಉತ್ತರ ಕೊಟ್ಟಾಗ 'ಅದು ಹೇಗೆ ಬಂತು?' ಎಂದು ಕೇಳಿ, ಅದು ಹೇಳಿ ಮುಗಿಸುವವರೆಗೆ ಕಾಯಿರಿ.