ತಿಮಿಂಗಿಲಗಳ ನುಡಿ



‘ತಿಮಿ’ಯೆಂಬ ಮಹಾಮತ್ಸ್ಯವನ್ನೂ ನುಂಗತಕ್ಕದ್ದು ತಿಮಿಂಗಿಲ, ನಮ್ಮ ಪೂರ್ವಿಕರು ಹೆಸರಿಟ್ಟದ್ದು ಹೀಗೆ. ಆ ಹೆಸರಿನಲ್ಲಿ ತೋರುವುದು ಬಾಯಿಯ ಗಾತ್ರವೊಂದೇ. ವಾಸ್ತವವಾಗಿ ಅದು ಮೀನಲ್ಲ. ನಮ್ಮಂತೆಯೇ ಗಾಳಿಯನ್ನು ಉಸಿರಾಡಿ, ಮರಿಗೆ ಮೊಲೆಯೂಡುವ ಪ್ರಾಣಿ. ಅದಕ್ಕೊಂದು ನುಡಿಯೂ ಉಂಟೇ ಎಂಬುದು ಈಚಿನ ಪ್ರಶ್ನೆ.

ಕಡಲಿನಲ್ಲಿ ಬೆಳಕು ಬಹು ದೂರ ಇಳಿಯದು. ಶಬ್ದವಾದರೋ ಸೆಕೆಂಡಿಗೆ ಸುಮಾರು ೧,೫೦೦ ಮೀಟರು, ಎಂದರೆ ಗಾಳಿಯಲ್ಲಿರುವುದಕ್ಕಿಂತ ನಾಲ್ಕು ಪಟ್ಟಿಗೂ ಮಿಗಿಲಾದ ವೇಗದಲ್ಲಿ ಸಾಗುತ್ತದೆ. ಆದುದರಿಂದ ತಿಮಿಂಗಿಲಕ್ಕೆ ಕಿವಿಯೇ ಕಣ್ಣು.

ಬರ್ಮುಡಾ ದ್ವೀಪದ ಬಳಿ ಅಮೆರಿಕದ ನೌಕಾಪಡೆಗಾಗಿ ಕಡಲಿನ ಸದ್ದನ್ನು ಆಲಿಸುತ್ತಿದ್ದ ಫ್ರಾಂಕ್ ವಾಟ್ಲಿಂಗ್ಟನ್ ಎಂಬ ಇಂಜಿನಿಯರರು ಹಂಪ್‌ಬ್ಯಾಕ್ ಜಾತಿಯ ತಿಮಿಂಗಿಲಗಳ ಧ್ವನಿಯನ್ನು ಯಂತ್ರದಲ್ಲಿ ಹಿಡಿದಿಟ್ಟಿದ್ದರು. ೧೯೬೭ರಲ್ಲಿ ಅದನ್ನು ರೋಜರ್ ಪೇನ್ ಎಂಬ ವಿಜ್ಞಾನಿಗಳು ಕೇಳಿದರು. ಅವರೂ ಸ್ಕಾಟ್ ಮ್ಯಾಕ್‌ವೇ ಅವರೂ ೧೯೭೧ರಲ್ಲಿ ಪ್ರಕಟಿಸಿದ ಲೇಖನವು, ಇದು ಬರಿಯ ಕೂಗಲ್ಲ, ಹಾಡೇ ಸರಿ ಎಂದು ಸ್ಥಾಪಿಸಿತು. ಸ್ವರಗಳು ಸೇರಿ ಒಂದು ಪಲುಕು. ಪಲುಕುಗಳು ಸೇರಿ ಒಂದು ಚರಣ. ಚರಣಗಳು ತಪ್ಪದ ಕ್ರಮದಲ್ಲಿ ಬಂದು, ೭ರಿಂದ ೩೦ ನಿಮಿಷಗಳಲ್ಲಿ ಹಾಡು ಮುಗಿದು, ಮತ್ತೆ ಮೊದಲಾಗುತ್ತದೆ. ಹಾಡುವವು ಗಂಡುಗಳು. ಒಂದು ಸೀಮೆಯವೆಲ್ಲ ಒಂದೇ ಹಾಡನ್ನು ಹಾಡುತ್ತವೆ. ಕಾಲಕ್ರಮದಲ್ಲಿ ಅದು ಬದಲಾದರೆ ಎಲ್ಲವೂ ಒಟ್ಟಿಗೆ ಬದಲಿಸಿಕೊಳ್ಳುತ್ತವೆ! ೧೯೭೦ರಲ್ಲಿ ಈ ಹಾಡಿನ ಗ್ರಾಮಫೋನ್ ತಟ್ಟೆ ಹೊರಬಂದಿತು. ಎಣ್ಣೆಗಾಗಿ ಕೊಲ್ಲುತ್ತಿದ್ದ ಪ್ರಾಣಿಯ ಸಂಗೀತವನ್ನು ಕೇಳಿ ಜನರ ಮನಸ್ಸು ಕರಗಿತು. ವ್ಯಾಪಾರದ ಬೇಟೆ ನಿಲ್ಲಬೇಕೆಂದು ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗವು ೧೯೮೨ರಲ್ಲಿ ಮಾಡಿದ ನಿರ್ಣಯಕ್ಕೆ ಈ ಹಾಡೂ ಬಲವಾಯಿತು.

ಸ್ಪರ್ಮ್ ತಿಮಿಂಗಿಲದ ರೀತಿ ಬೇರೆ. ಅದು ಹಾಡದು, ತಂತಿಯ ಕಟ್ಟೆಯಂತೆ ಟಕಟಕನೆ ಸದ್ದು ಮಾಡುತ್ತದೆ. ಡೊಮಿನಿಕಾ ದ್ವೀಪದ ಬಳಿ ಸಂಗ್ರಹಿಸಿದ ಇಂತಹ ಸುಮಾರು ೯,೦೦೦ ಸದ್ದಿನ ಸರಣಿಗಳನ್ನು ಪರಿಶೀಲಿಸಿದ ವಿದ್ವಾಂಸರು, ಲಯ, ಗತಿ ಮೊದಲಾದ ಅಂಶಗಳು ಅಲ್ಲಿ ಅಕ್ಷರಗಳಂತೆ ಬಗೆಬಗೆಯಾಗಿ ಕೂಡುತ್ತವೆಂದು ೨೦೨೪ರಲ್ಲಿ ತಿಳಿಸಿದರು. ಲಿಪಿ ಕಂಡಿದೆ, ಅರ್ಥ ಕಂಡಿಲ್ಲ. ಓದಲಾರದ ಶಾಸನದ ಮುಂದೆ ನಿಂತಂತಾಗಿದೆ ನಮ್ಮ ಸ್ಥಿತಿ.

ಹೀಗಿದ್ದೂ ಮಾತನಾಡುವ ಆತುರ ನಮಗೆ. ೨೦೨೧ರಲ್ಲಿ ಅಲಾಸ್ಕದ ಕಡಲಿನಲ್ಲಿ ವಿಜ್ಞಾನಿಗಳು ಹಂಪ್‌ಬ್ಯಾಕ್ ತಿಮಿಂಗಿಲದ ಒಂದು ಕರೆಯನ್ನು ನೀರಿನೊಳಗೆ ನುಡಿಸಿದರು. ಟ್ವೇನ್ ಎಂದು ಹೆಸರಿಟ್ಟಿದ್ದ ಒಂದು ಹೆಣ್ಣು ಹತ್ತಿರ ಬಂದು, ಸುಮಾರು ೨೦ ನಿಮಿಷಗಳ ಕಾಲ ಮರುದನಿಗೊಟ್ಟಿತು. ಮೊದಲು ಅದಕ್ಕೆ ಆಸಕ್ತಿಯಿದ್ದಿತು. ಬಳಿಕ ಕಳವಳದ ಲಕ್ಷಣ ತೋರಿತು. ಕೊನೆಗೆ ದೂರ ಸರಿಯಿತು. ಕರೆದವರಿಗೇ ಕರೆಯ ಅರ್ಥ ತಿಳಿಯದಿದ್ದರೆ, ಬಂದ ಅತಿಥಿ ಎಷ್ಟು ಹೊತ್ತು ನಿಂತೀತು?

ಅದಕ್ಕಿಂತ ಮೊದಲು ನಾವು ಮಾಡಬೇಕಾದ ಉಪಚಾರವೊಂದುಂಟು. ೨೦೦೧ರ ಸೆಪ್ಟೆಂಬರ್ ೧೧ರ ದುರಂತದ ತರುವಾಯ ಕೆನಡದ ಫಂಡಿ ಕೊಲ್ಲಿಯಲ್ಲಿ ಹಡಗುಗಳ ಸಂಚಾರ ತಗ್ಗಿ, ನೀರಿನೊಳಗಿನ ಗದ್ದಲವೂ ತಗ್ಗಿತು. ಅಲ್ಲಿನ ರೈಟ್ ತಿಮಿಂಗಿಲಗಳ ಮಲವನ್ನು ಪರೀಕ್ಷಿಸಿದಾಗ ದೇಹದ ಉದ್ವೇಗವನ್ನು ಸೂಚಿಸುವ ರಸಗಳು ಕಡಮೆಯಾಗಿದ್ದುವು. ನಮ್ಮ ಹಡಗುಗಳ ಸದ್ದು ಅವುಗಳಿಗೆ ನಿತ್ಯದ ಪೀಡೆಯೆಂದಾಯಿತಲ್ಲವೇ? ಯಂತ್ರಗಳನ್ನು ಮೆಲ್ಲಗೆ ನಡೆಸುವುದನ್ನು ನಾವು ಕಲಿತರೆ, ಅವು ತಮ್ಮತಮ್ಮೊಳಗೆ ಆಡುವ ಮಾತಿಗಾದರೂ ಎಡೆ ದೊರೆತೀತು. ನಮ್ಮೊಡನೆ ಆಡುವ ಮಾತು ಆಮೇಲಿನದು.